ಕೌದಿಯ ಇನ್ನೊಂದು ತುದಿ

ಜಗಳೂರಿನಿಂದ ಅವ್ವ ಹಳೇ ಸೀರೆಗಳಲ್ಲಿ ಹೊಲಿದು ಕಳಿಸಿದ ಕೌದಿ ನೀರು ಕುಡಿದು ಹೆಣಭಾರವಾಗಿತ್ತು. ಒಬ್ಬಳೇ ಹಿಂಡಲಾರದೆ ಒದ್ದಾಡುತ್ತಿದ್ದೆ. ತಟ್ಟನೆ ಯಾರೋ ಇನ್ನೊಂದು ತುದಿ ಎತ್ತಿದರು. ನೋಡಿದರೆ ಪಕ್ಕದ ಮನೆಯ ಹಾಲಮ್ಮ! ಚರಂಡಿ ನೀರಿಗೆ ಜಗಳವಾಗಿ ಯುಗಾದಿಯಿಂದ ನಮ್ಮಿಬ್ಬರಿಗೂ ಮಾತಿರಲಿಲ್ಲ.

ನಾನು ಪಿಳಿಪಿಳಿ ನೋಡುತ್ತಾ ನಿಂತೆ.

"ಜಗಳ ಎಲ್ಲಿಗೂ ಹೋಗಲ್ಲ. ಬಿಸಿಲು ಹೋಗ್ತೈತೆ, ತಿರುವು!" ಎಂದು ಗದರಿದರು.

ಗಡಿಬಿಡಿಯಲ್ಲಿ ಇಬ್ಬರೂ ಒಂದೇ ಕಡೆ ತಿರುವಿದೆವು. ಕೌದಿ ಸುಮ್ಮನೆ ಉರುಳಿತು, ಒಂದು ಹನಿಯೂ ಬೀಳಲಿಲ್ಲ. ಮೊದಲು ನಕ್ಕಿದ್ದು ಅವರೇ.

ಚಳಿಗಾಲದ ಬಿಸಿಲಿಗೆ ಸಂಜೆಯಾದರೂ ಕೌದಿ ಒಣಗಲಿಲ್ಲ. ಹಾಲಮ್ಮ ತಮ್ಮ ರಗ್ಗು ತಂದು, "ಮಗೂಗೆ ಹೊದಿಸು" ಎಂದು ಕೊಟ್ಟು ಹೋದರು.

ಆ ರಗ್ಗು ಇನ್ನೂ ನಮ್ಮಲ್ಲೇ ಇದೆ. ಒಗೆದು ಕೊಡಬೇಕು. ಹಿಂಡಲು ಅವರನ್ನೇ ಕರೆಯಬೇಕು.