ತಾತ ಹೇಳಿದ್ದು, ನಾನು ಬರೆದದ್ದು

ನಮ್ಮ ಹಟ್ಟಿಯ ಅರಣ್ಯ ಹಕ್ಕು ಸಮಿತಿಗೆ ನನ್ನನ್ನು ಕಾರ್ಯದರ್ಶಿ ಮಾಡಿದ್ದು ನಾನು ಓದಿದವನು ಎಂಬ ಒಂದೇ ಕಾರಣಕ್ಕೆ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಎಲ್ಲೂ ನೆಲೆ ನಿಲ್ಲದೆ ಮಸಿನಗುಡಿ ಕಡೆಗೆ ಮರಳಿ ಬಂದಿದ್ದೆ. ಊರು ತಮಿಳುನಾಡಿಗೆ ಸೇರಿದ್ದು; ಅರ್ಜಿಗಳನ್ನು ತಮಿಳಿನಲ್ಲಿ ಬರೆಯಬೇಕು, ಸಾಕ್ಷಿ ಹೇಳುವವರು ಕನ್ನಡದಲ್ಲಿ ಹೇಳುತ್ತಾರೆ. ಎರಡೂ ಬರುವ, ಬೇರೆ ಕೆಲಸವೂ ಇಲ್ಲದ ಮನುಷ್ಯ ನಾನೊಬ್ಬನೇ.

ಅರಣ್ಯ ಹಕ್ಕು ಕಾಯಿದೆಯನ್ನು ಮೊದಲ ಸಲ ಓದಿದಾಗ ನನಗೆ ನಂಬಿಕೆ ಬರಲಿಲ್ಲ. ಕಾಡಿನಂಚಿನ ನೆಲ ಯಾರದ್ದು ಎಂದು ಮೊದಲು ಹೇಳಬೇಕಾದವರು ಊರಿನವರು, ಅವರ ಗ್ರಾಮಸಭೆ. ಕಾಗದಪತ್ರ ಇಲ್ಲದಿದ್ದರೆ ಊರಿನ ಹಿರಿಯರ ಮಾತನ್ನು ಬರೆದುಕೊಂಡರೂ ಅದು ಪುರಾವೆ. ಇಷ್ಟು ವರ್ಷ ನಮ್ಮನ್ನು ಏನೂ ಕೇಳದಿದ್ದ ಸರ್ಕಾರ ಈಗ ನಮ್ಮ ನೆನಪನ್ನೇ ಕೇಳುತ್ತಿತ್ತು.

ಮೊದಲ ಅರ್ಜಿ ನನ್ನ ಚಿಕ್ಕವ್ವನದು. ಚಿಕ್ಕಪ್ಪ ತೀರಿಹೋಗಿದ್ದರು. ಆಕೆಗೆ ಉಳಿದದ್ದು ಹಟ್ಟಿಯ ಕೆಳಗೆ ಕಾಡಿಗೆ ತಾಗಿದಂತಿದ್ದ ದನದ ದೊಡ್ಡಿ, ಪಕ್ಕದಲ್ಲೊಂದು ರಾಗಿ ಹೊಲ. ನಾವು ಬುಡಕಟ್ಟಿನವರಲ್ಲ. ಆದ್ದರಿಂದ ಮೂರು ತಲೆಮಾರಿನಿಂದ, ಅಂದರೆ ಎಪ್ಪತ್ತೈದು ವರ್ಷದಿಂದ ಅಲ್ಲಿದ್ದೇವೆ ಎಂದು ತೋರಿಸಬೇಕಿತ್ತು. ತೋರಿಸಿದರೆ ದೊಡ್ಡಿ ಆಕೆಯದು. ಇಲ್ಲವಾದರೆ ದನ ಬಿಡಬೇಕು.

ಅರ್ಜಿದಾರರ ಮನೆಯವರು ಸಾಕ್ಷಿ ಹೇಳುವಂತಿರಲಿಲ್ಲ. ಹಟ್ಟಿಯಲ್ಲಿ ಅಷ್ಟು ಹಿಂದಿನದನ್ನು ಬಲ್ಲವರು ಪಕ್ಕದ ಮನೆಯ ಮುದುಕರೊಬ್ಬರೇ. ನಮಗೆ ಸಂಬಂಧಿಕರಲ್ಲ, ಆದರೂ ಎಲ್ಲರೂ ತಾತ ಎನ್ನುತ್ತಿದ್ದರು. ಅಂಗನವಾಡಿಯ ಜಗುಲಿಯ ಮೇಲೆ ಅವರನ್ನು ಕೂರಿಸಿ ನಾನು ಕಾಗದ ತೆರೆದೆ. ಚಿಕ್ಕವ್ವ ಸ್ವಲ್ಪ ದೂರದಲ್ಲಿ ನಿಂತಿದ್ದಳು.

"ದೊಡ್ಡಿ ಯಾವಾಗ ಕಟ್ಟಿದ್ದು ತಾತ? ಯಾವ ವರ್ಷ?"

"ವರ್ಷ ಯಾಕ್ಲಾ ನಿಂಗೆ? ದನ ಕೇಳು, ಹೇಳ್ತೀನಿ. ಈಗ ನಿಮ್ ಚಿಕ್ಕವ್ವ ಕಟ್ಟಿರೋ ಕೆಂದ ಹಸ ಅದೆಯಲ್ಲ, ಅದು ಮಚ್ಚೆ ಹಸೀನ ಮೂರನೇ ಸೂಲಿನ ಕಡಸು. ಮಚ್ಚೆ ಹಸ ಒಂಟಿಕೊಂಬಿಂದು ಐದನೇ ಸೂಲಲ್ಲಿ ಹುಟ್ಟಿದ್ದು. ಒಂಟಿಕೊಂಬಿನವ್ವ ಕರಿ ಹಸ..."

ಹೀಗೆ ಒಂದರ ಹಿಂದೆ ಒಂದು ಹಸು, ಪ್ರತಿಯೊಂದೂ ತಾಯಿ ಎಷ್ಟನೇ ಸಲ ಈದಾಗ ಹುಟ್ಟಿದ ಸೂಲು ಎಂಬುದರ ಸಮೇತ. ಕೊನೆಗೆ ನಿಂತದ್ದು ದೊಡ್ಡಿಗೆ ಗೂಟ ಹೊಡೆದ ದಿನವೇ ಕರು ಹಾಕಿದ ಒಂದು ಬಿಳಿ ಹಸುವಿನ ಬಳಿ. ನಡುವೆ ಚಿಕ್ಕವ್ವ, "ಅದು ನಾಕನೇ ಸೂಲಲ್ವಾ ತಾತ?" ಅಂದಳು.

"ನೀ ಮದ್ವೆಯಾಗಿ ಬರೋ ಮುಂಚಿನ ಹಸೀನ ವಿಚಾರ ನಂಗೇ ಹೇಳ್ಕೊಡ್ತೀಯ?" ಎಂದು ತಾತ ನಕ್ಕರು.

ನಾನು ನಗಲಿಲ್ಲ. ಒಬ್ಬ ಮನುಷ್ಯನಿಗೆ ಅಷ್ಟೆಲ್ಲ ನೆನಪಿರಲು ಸಾಧ್ಯವೇ ಎಂದು ಯೋಚಿಸುತ್ತಿದ್ದೆ. ಬಾಯಿಮಾತಿನ ಆಧಾರ ಯಾವಾಗಲೂ ಕಾಲವನ್ನು ಹಿಗ್ಗಿಸುತ್ತದೆ ಎಂದು ನಮಗೆ ತರಗತಿಯಲ್ಲಿ ಕಲಿಸಿದ್ದರು. "ಒಂದೆರಡು ಹಸು ಜಾಸ್ತಿ ಸೇರಿರಬಹುದಾ ತಾತ? ಖಂಡಿತ ಹೇಳ್ತೀರಾ?" ಎಂದು ಕೇಳಿದೆ. ಎರಡು ಸಲ, ಮೂರು ಸಲ ಕೇಳಿದೆ. ಅವರ ಮುಖ ಸಣ್ಣಗಾಯಿತು.

"ಓದಿರೋನು ನೀನು. ನಿಂಗೆ ಸರಿ ಅನ್ಸಿದ್ದು ಬರ್ಕೊ."

ನನಗೆ ಸರಿ ಅನಿಸಿದ್ದನ್ನೇ ಬರೆದುಕೊಂಡೆ. ತಾಯಿಯ ವಯಸ್ಸು ತಿಳಿಯುತ್ತಿದ್ದ ಸೂಲಿನ ಲೆಕ್ಕವನ್ನೇ ಬಿಟ್ಟೆ. ಒಂದು ಹಸುವಿಗೆ ಏಳು ವರ್ಷ ಎಂದು ಹಿಡಿದು ಗುಣಿಸಿದೆ. ತಮಿಳಿನಲ್ಲಿ ಬರೆದ ಹೇಳಿಕೆ ಹೀಗಿತ್ತು: ಸುಮಾರು ಅರುವತ್ತೈದು ವರ್ಷಗಳಿಂದ ದೊಡ್ಡಿ ಇರಬಹುದು, ನಿಖರವಾಗಿ ನೆನಪಿಲ್ಲ. ಕಾಯಿದೆಗೆ ಎಷ್ಟು ಬೇಕೆಂದು ನನಗೆ ತಿಳಿದಿತ್ತು. ಹೆಚ್ಚಿಗೆ ಬರೆಯದಿದ್ದರೆ ಮೇಲಿನವರು ನಮ್ಮ ಪ್ರಾಮಾಣಿಕತೆಯನ್ನು ಮೆಚ್ಚುತ್ತಾರೆ, ಉಳಿದದ್ದನ್ನು ಸ್ಥಳ ನೋಡಿ ತೀರ್ಮಾನಿಸುತ್ತಾರೆ ಎಂದುಕೊಂಡೆ. ತಾತ ಹೆಬ್ಬೆಟ್ಟು ಒತ್ತಿದರು. ಅದನ್ನು ಅವರಿಗೆ ಓದಿ ಹೇಳಿದೆನೋ ಇಲ್ಲವೋ, ಈಗ ನೆನಪಾಗುವುದಿಲ್ಲ. ಹೇಳಿದೆ ಎಂದುಕೊಳ್ಳಲು ಇಷ್ಟ. ಹೇಳಿದ್ದರೆ ಅವರು ಸುಮ್ಮನಿರುತ್ತಿರಲಿಲ್ಲ ಎಂದೂ ಗೊತ್ತು.

ಗ್ರಾಮಸಭೆ ಅರ್ಜಿಯನ್ನು ಒಪ್ಪಿ ಮೇಲಿನ ಸಮಿತಿಗೆ ಕಳಿಸಿತು. ಮಳೆಗಾಲ ಕಳೆದು ಕಾಗದ ಹಿಂದಕ್ಕೆ ಬಂತು. ಸಾಕ್ಷಿಯೇ ಅರುವತ್ತೈದು ವರ್ಷ ಎಂದಿರುವುದರಿಂದ ಅವಧಿ ಸಾಲದು, ಗ್ರಾಮಸಭೆ ಮರುಪರಿಶೀಲಿಸಲಿ. ಅಷ್ಟರಲ್ಲಿ ತಾತ ಜ್ವರದಲ್ಲಿ ಹೋಗಿಬಿಟ್ಟಿದ್ದರು.

ಮತ್ತೆ ಸಭೆ ಸೇರಿತು. ಅರ್ಧಕ್ಕಿಂತ ಹೆಚ್ಚು ಜನ ಬಂದಿದ್ದರು, ಹೆಂಗಸರೇ ಜಾಸ್ತಿ. ಚಿಕ್ಕವ್ವ ಎದ್ದು ನಿಂತು ನನ್ನ ಕಡೆ ತಿರುಗಿದಳು.

"ತಾತ ಎಷ್ಟು ಹಸ ಹೇಳುದ್ರು ಅಂತ ನೀನೇ ಹೇಳಪ್ಪ. ಬರ್ಕೊಂಡೋನು ನೀನು."

"ನೀನೂ ಕೇಳಿಸಿಕೊಂಡೆಯಲ್ಲ ಚಿಕ್ಕವ್ವ."

"ನಾ ಹೇಳುದ್ರೆ ನಡೀತದ? ನನ್ ದೊಡ್ಡಿಗೆ ನಾನೇ ಸಾಕ್ಷೀನ?"

ಒಂಬತ್ತೋ ಹನ್ನೊಂದೋ. ಒಂಬತ್ತು ಎಂದು ಗುಣಿಸಿದ್ದು ನೆನಪಿದೆ, ಆದರೆ ಎರಡನ್ನು ನಾನೇ ಕಳೆದು ಆಮೇಲೆ ಗುಣಿಸಿದೆನಾ? ಸೂಲುಗಳಂತೂ ಕೆಂದ ಹಸುವಿನ ಮೂರು, ಮಚ್ಚೆಯ ಐದು ಬಿಟ್ಟರೆ ಒಂದೂ ಉಳಿದಿರಲಿಲ್ಲ. ಗುರುತು ಹಾಕಿಕೊಂಡಿದ್ದ ಚೀಟಿಯನ್ನು ಬಿಸಾಡಿದ್ದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹನ್ನೊಂದು, ಉಳಿದವೆಲ್ಲ ಐದಾರನೇ ಸೂಲಿನವು ಎಂದಿದ್ದರೆ ಸಾಕಿತ್ತು. ಬಹುಶಃ ಅದು ನಿಜವೂ ಆಗಿತ್ತು.

"ಖಚಿತವಾಗಿ ನೆನಪಿಲ್ಲ" ಎಂದೆ.

ಹಿಂದಿನಿಂದ ಯಾರೋ ಹೆಂಗಸು, "ಇಷ್ಟಕ್ಕಾ ಇವನನ್ನ ಮೈಸೂರಿಗೆ ಕಳ್ಸಿದ್ದು" ಅಂದಳು. ಯಾರೂ ನಗಲಿಲ್ಲ. ಆದರೂ ಸಭೆ ನನಗಿಂತ ಗಟ್ಟಿಯಾಗಿತ್ತು. ನಮ್ಮ ಹಟ್ಟಿಗೆ ಈ ದೊಡ್ಡಿ ಗೊತ್ತು, ತಾತನ ಮಾತು ಗೊತ್ತು, ಹಕ್ಕು ಕೊಡಲೇಬೇಕು ಎಂದು ಮತ್ತೆ ನಿರ್ಣಯ ಮಾಡಿ ಎಲ್ಲರೂ ಸಹಿ, ಹೆಬ್ಬೆಟ್ಟು ಹಾಕಿದರು.

ಚಿಕ್ಕವ್ವ ಮನೆಗೆ ಹೋಗುವಾಗ ಕೇಳಿದಳು. "ಒಂದು ಮಾತು ಹೇಳಿದ್ರೆ ನಿನ್ ಗಂಟೇನ್ ಹೋಗ್ತಿತ್ತು?"

ಆಮೇಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಅರಣ್ಯ ಇಲಾಖೆಯ ಗಾರ್ಡುಗಳು ಬಂದು ದನ ಯಾವಾಗ ತೆಗೆಯುತ್ತೀ ಎಂದು ಕೇಳತೊಡಗಿದರು. ತೀರ್ಮಾನವಾಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಕಾಯಿದೆಯಲ್ಲಿದೆ ಎಂದು ಚಿಕ್ಕವ್ವನಿಗೆ ಹೇಳಿದೆ. "ಅವ್ರಿಗೇಳು" ಅಂದಳು. ಹೇಳಿದೆ. ಅವರು ಜಗಳವಾಡಲಿಲ್ಲ, ಮರುದಿನ ಮತ್ತೆ ಬಂದರು. ಕೊನೆಗೊಂದು ದಿನ ಆಕೆ ದನಗಳನ್ನು ವ್ಯಾನಿನಲ್ಲಿ ಗೂಡಲೂರು ಕಡೆಯ ತಂಗಿಯ ಮನೆಗೆ ಸಾಗಿಸಿ ತಾನೂ ಹೊರಟಳು. ಹತ್ತಿಸಲು ನಾನೂ ಕೈ ಜೋಡಿಸಿದೆ. ಆಕೆ ಬೇಡ ಎನ್ನಲಿಲ್ಲ.

ಸಭೆಯ ಎರಡನೇ ನಿರ್ಣಯವನ್ನು ಮೇಲಿನವರು ತಳ್ಳಿಹಾಕಲಿಲ್ಲ. ಸ್ಥಳ ತನಿಖೆ ಮಾಡಿ ಎಂದು ಆದೇಶ ಬಂತು. ನಾನು ಮೊದಲ ದಿನ ನೆಚ್ಚಿಕೊಂಡಿದ್ದೂ ಅದನ್ನೇ. ಆದರೆ ಅದು ಬರುವ ಹೊತ್ತಿಗೆ ಲಂಟಾನದ ಪೊದೆ ದೊಡ್ಡಿಯ ಒಳಕ್ಕೆ ನುಗ್ಗಿ ಎದೆಮಟ್ಟ ಬೆಳೆದಿತ್ತು. ಬಂದ ಇಬ್ಬರು ಅಧಿಕಾರಿಗಳು ಸಭ್ಯರು. ಸುತ್ತ ನೋಡಿ, ಸದ್ಯ ಬಳಕೆಯಲ್ಲಿ ಇಲ್ಲ ಎಂದು ಬರೆದು, ಸಮಿತಿಯ ಕಾರ್ಯದರ್ಶಿಯ ಸಹಿಗಾಗಿ ಕಾಗದವನ್ನು ನನ್ನತ್ತ ಚಾಚಿದರು.

ಹಿಂದೆ ಬಳಕೆಯಲ್ಲಿತ್ತು, ಅದನ್ನೂ ಸೇರಿಸಿ ಎಂದೆ. "ಎಷ್ಟು ವರ್ಷ ಸಾರ್?" ಎಂದು ಒಬ್ಬರು ಪೆನ್ನು ಹಿಡಿದು ಕಾದರು. ಅವರು ಬರೆದಿದ್ದ ವಾಕ್ಯವನ್ನು ಇನ್ನೊಮ್ಮೆ ಓದಿದೆ. ಅದರಲ್ಲಿ ಅನುಮಾನಪಡುವಂಥದ್ದು ಏನೂ ಇರಲಿಲ್ಲ. ಸಹಿ ಮಾಡಿದೆ.