ಜೆಟ್ಟಿಗೆ ಹೋದ ಬಾಗಿಲು

"ಹಲಗೆಯಣ್ಣ ಕಾಲು ಚಾಚಿ ಮಲಗಿದರೆ ಸಮುದ್ರವೇ ಬಂದು ಅಂಗಾಲಿಗೆ ಕಚಗುಳಿ ಇಡುತ್ತೆ" ಎಂದು ಅಕ್ಕಪಕ್ಕದವರು ಆಗ ತಮಾಷೆ ಮಾಡುತ್ತಿದ್ದರು. ಅವನ ಮನೆ ಅಷ್ಟು ನೀರಿನಂಚಿನಲ್ಲಿತ್ತು. ದೋಣಿಗಳು ಬಂದು ನಿಲ್ಲುವ ಮರದ ಜೆಟ್ಟಿಯನ್ನು ನೋಡಿಕೊಳ್ಳುವುದು ಅವನ ಕೆಲಸ. ದೋಣಿ ಬಂದರೆ ಅವನ ಮನೆಯ ಒಲೆ ಉರಿಯುತ್ತಿತ್ತು.

ಅದು ನಾಲ್ಕೂ ಕಡೆ ಮರಳುಗಾಡು ಸುತ್ತುವರಿದ ಸಮುದ್ರ. ಅಲ್ಲಿ ಮಳೆಯೆಂದರೆ ಹೆಸರಿಗೆ ಮಾತ್ರ, ಬಿಸಿಲೋ ಹಗಲೆಲ್ಲ ನೀರು ಕುಡಿಯುತ್ತಿತ್ತು. ದೂರದ ಹಿಮದ ಬೆಟ್ಟದಿಂದ ಇಳಿದು ಬರುವ ಒಂದೇ ನದಿ ಆ ನಷ್ಟವನ್ನು ತುಂಬಿಕೊಡುತ್ತಿತ್ತು. ಮೇಲಿನ ಊರುಗಳವರು ಆ ನದಿಯನ್ನು ತಮ್ಮ ಹತ್ತಿ ಹೊಲಗಳಿಗೆ ತಿರುಗಿಸಿಕೊಂಡರು. ಬಿಸಿಲು ಮಾತ್ರ ಕುಡಿಯುವುದನ್ನು ಬಿಡಲಿಲ್ಲ.

ನೀರು ಹಿಂದೆ ಸರಿದಂತೆಲ್ಲ ಹಲಗೆಯಣ್ಣ ಜೆಟ್ಟಿಯನ್ನು ಮುಂದಕ್ಕೆ ಬೆಳೆಸಿದ. ಮರ ಸಿಗದಾದಾಗ ಮನೆಯ ಅಟ್ಟ ಕಿತ್ತ, ಆಮೇಲೆ ಮಂಚ. ಕೊನೆಗೆ ಬಾಗಿಲಿಗೆ ಕೈ ಹಾಕಿದಾಗ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ರೀ, ಇನ್ನು ಉಳಿದಿರೋದು ನಾನೊಬ್ಬಳೇ. ನನ್ನನ್ನೂ ಮೊಳೆ ಹೊಡೆದು ಹಾಸಿಬಿಡಿ!"

"ಇದೊಂದು ಸಲ ಕಣೇ. ನೀರು ಮುಟ್ಟಿಬಿಡುತ್ತೆ."

ಮುಟ್ಟಿತು ಕೂಡ, ಜೆಟ್ಟಿಯ ತುದಿಗೆ ಹಾಸಿದ ಆ ಬಾಗಿಲು. ಆದರೆ ಉಳಿದ ನೀರಿನಲ್ಲಿ ಉಪ್ಪು ಹೆಚ್ಚಿ ಮೀನುಗಳು ಸತ್ತವು, ದೋಣಿಗಳು ಬರಲಿಲ್ಲ. ಆಮೇಲೆ ನೀರೂ ಆ ಬಾಗಿಲನ್ನು ಬಿಟ್ಟು ಹೋಯಿತು.

ಊರು ಬಿಡುವ ದಿನ ಹೆಂಡತಿ ಗಂಟುಮೂಟೆಯೊಂದಿಗೆ ಲಾರಿ ಹತ್ತಿ ಕುಳಿತಳು. ಹಲಗೆಯಣ್ಣ ಹೊಸ್ತಿಲು ದಾಟಿ, ಅಭ್ಯಾಸಬಲದಿಂದ ಬಾಗಿಲೆಳೆಯಲು ಹಿಂದಕ್ಕೆ ಕೈ ಚಾಚಿದ. ಖಾಲಿ ಚೌಕಟ್ಟಿನ ಉಪ್ಪಿನ ಧೂಳು ಕೈಗೆ ಮೆತ್ತಿಕೊಂಡಿತು, ಅಷ್ಟೇ.

"ಬನ್ರೀ, ಕದಿಯೋಕೆ ಅಲ್ಲೇನಿದೆ?" ಎಂದಳು.

ಅವನು ಕೈ ಒರೆಸಿಕೊಂಡು ಲಾರಿಯತ್ತ ನಡೆದ.