ಉಸಿರಾಡದ ಗೊಂಬೆ

ಎದೆ ಒತ್ತಲು ಶುರು ಮಾಡಿದ ಮೇಲೆ, ಮಗು ಉಸಿರಾಡುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ ಯಾರೂ ನಿಲ್ಲಿಸಬಾರದು. ಮಕ್ಕಳ ಉಸಿರು ನಿಂತರೆ ಏನು ಮಾಡಬೇಕೆಂದು ಊರೂರಿಗೆ ಹೋಗಿ ಕಲಿಸುವ ನಾನು ಮೊದಲು ಹೇಳುವ ನಿಯಮ ಇದೇ.

ಗಡಿಯೂರಾದ ಸಾನಮಾವಿನ ಅಂಗನವಾಡಿಯಲ್ಲಿ ಹೆಂಗಸರ ಮುಂದೆ ರಬ್ಬರ್ ಗೊಂಬೆ ಮಲಗಿಸಿ, ಇದನ್ನು ಮಗುವೆಂದೇ ತಿಳಿಯಿರಿ, ಎಣಿಸುತ್ತಾ ಒತ್ತಿ ಎಂದೆ. "ಒಂದು, ಎರಡು, ಮೂಣು, ನಾಲುಗು" ಎಂದು ಕನ್ನಡ, ತಮಿಳು, ತೆಲುಗು ಮೂರೂ ಕಲಸಿ ಎಣಿಸಿದರು. ಒಂದೇ ಭಾಷೆಯಲ್ಲಿ ಎಣಿಸಿ ಎಂದು ಗದರಿದೆ. ಅಷ್ಟರಲ್ಲಿ ಟೀ ಬಂತು. ಮಗುವನ್ನು ಬಿಟ್ಟು ಎಲ್ಲರೂ ಎದ್ದರು. ನಾನೂ ಲೋಟ ಹಿಡಿದೆ.

ಮುನಿಯಮ್ಮಜ್ಜಿ ಮಾತ್ರ ಏಳದೆ ಗೊಂಬೆಯ ಎದೆ ಒತ್ತುತ್ತಲೇ ಇದ್ದರು. ಹೋದ ತಿಂಗಳು ಅವರ ಮೊಮ್ಮಗಳ ಗಂಟಲಲ್ಲಿ ಕಡಲೇಬೀಜ ಸಿಕ್ಕಿಕೊಂಡು ಮಗು ನೀಲಿಗಟ್ಟಿತ್ತು. ಬದುಕಿದ್ದೇ ಹೆಚ್ಚು.

"ಸಾಕಜ್ಜಿ, ಟೀ ಕುಡೀರಿ."

"ಇನ್ನೂ ಉಸ್ರಾಡಿಲ್ವಲ್ಲ ಸಾರ್."

"ಅದು ಗೊಂಬೆ. ಉಸಿರಾಡೋದೇ ಇಲ್ಲ."

"ಮಗು ಅಂತ್ಲೇ ತಿಳ್ಕಳಿ ಅಂದೋರು ಯಾರು?"

ನಾನು ಗಡಿಯಾರ ನೋಡಿದೆ. ಮತ್ತಿಗಿರಿಯಲ್ಲಿ ಮುಂದಿನ ತರಗತಿಗೆ ಹೊತ್ತಾಗಿತ್ತು, ಇದ್ದದ್ದು ಅದೊಂದೇ ಗೊಂಬೆ. ಕೊನೆಗೆ ನನ್ನ ಡ್ರೈವರ್ ಸೆಲ್ವಂ ಹೊರಗೆ ಹೋಗಿ, ಬಾಯಲ್ಲೇ ಸೈರನ್ ಕೂಗುತ್ತಾ ಒಳಗೆ ಓಡಿಬಂದ. ನಾನು ತಡೆಯಲಿಲ್ಲ.

"ಪಾಟಿ, ಅಜ್ಜೀ, ಆಂಬುಲೆನ್ಸ್ ಬಂತು, ಮಗು ಕೊಡಿ!"

ಅಜ್ಜಿ ಕೈ ನಿಲ್ಲಿಸದೆಯೇ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಆಕ್ಸಿಜನ್ ಎಲ್ಲಿ ಕಣ್ಲಾ?" ಎಂದು ಕೇಳಿ, ಮತ್ತೆ ಒಂದರಿಂದ ಎಣಿಸತೊಡಗಿದರು, ಈ ಸಲ ಒಂದೇ ಭಾಷೆಯಲ್ಲಿ.